ಸುನಂದತ್ತೆಯ ಗಾಲಿಮನೆ

ಮೊನ್ನೆ ಅಟ್ಟದಿಂದ ಒಂದು ಹಳೇ ತಗಡಿನ ಪೆಟ್ಟಿಗೆಯನ್ನು ಇಳಿಸಿ ದೂಳು ಹೊಡೆಯುತ್ತಿದ್ದಾಗ ಗೇಣುದ್ದದ ಒಂದು ರಸಮಟ್ಟ ಸಿಕ್ಕಿತು. ಗಾರೆ ಕೆಲಸದವರ ಕೈಯಲ್ಲಿ ನೀವೂ ನೋಡಿರುತ್ತೀರಿ. ಮರದ ಪಟ್ಟಿಯ ನಡುವೆ ಗಾಜಿನ ಕೊಳವೆ, ಅದರಲ್ಲಿ ಹಸಿರು ನೀರು, ನೀರಿನೊಳಗೆ ಒಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಸಮವಾಗಿದೆ ಎಂದು ಲೆಕ್ಕ. ನಾನು ಗಾರೆಯವನಲ್ಲ, ಇಷ್ಟು ವರ್ಷದಲ್ಲಿ ಒಂದು ಇಟ್ಟಿಗೆಯ ಮೇಲೆ ಇನ್ನೊಂದನ್ನು ನೆಟ್ಟಗೆ ಇಟ್ಟವನೂ ಅಲ್ಲ. ಆದರೂ ಒಂದು ಕಾಲದಲ್ಲಿ ಈ ರಸಮಟ್ಟ ನನ್ನ ಪ್ಯಾಂಟಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಮೂಸಿ ನೋಡಿದೆ. ಡೀಸೆಲ್ಲು, ಫಿನಾಯಿಲು, ಕಾಫಿಪುಡಿ ಮೂರೂ ಸೇರಿದ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು.

“ಬಿಸಾಡೋದಾ?” ಎಂದು ನನ್ನ ಹೆಂಡತಿ ವತ್ಸಲಾ ಕೇಳಿದಳು.

“ಬೇಡ, ಇರಲಿ,” ಎಂದೆ. ಅಲ್ಲಿಗೆ ಅಟ್ಟ ಸ್ವಚ್ಛ ಮಾಡುವ ಕೆಲಸ ನಿಂತಿತು.

ಸುನಂದತ್ತೆ ನನ್ನ ಅಪ್ಪನ ತಂಗಿ. ನರಸಿಂಹರಾಜಪುರದಲ್ಲಿ ನರ್ಸ್ ಆಗಿದ್ದಳು. ಮದುವೆ ಆಗಲಿಲ್ಲ. ಏಕೆ ಎಂದು ಕೇಳಿದವರಿಗೆಲ್ಲ “ಡ್ಯೂಟಿ ಇತ್ತು” ಎನ್ನುತ್ತಿದ್ದಳು. ಮೂವತ್ತಕ್ಕೂ ಹೆಚ್ಚು ವರ್ಷ ಕ್ವಾರ್ಟರ್ಸಿನ ಒಂದೂವರೆ ಕೋಣೆಯಲ್ಲಿದ್ದು, ಎರಡು ಸಾವಿರದ ಇಸವಿ ಕಳೆದು ಎರಡು-ಮೂರು ವರ್ಷಕ್ಕೆ ನಿವೃತ್ತಳಾದಳು. ಕ್ವಾರ್ಟರ್ಸ್ ಬಿಡಬೇಕಾಯಿತು. ಆಗ ಮೇಗುಂದದಲ್ಲಿ ದೊಡ್ಡಪ್ಪನ ಮನೆಯಲ್ಲಿ ಒಂದು ಸಭೆ ಸೇರಿತು. ದೊಡ್ಡಪ್ಪ ಎಂದರೆ ಅತ್ತೆಯ ಹಿರಿಯಣ್ಣ, ನಮ್ಮ ಕುಟುಂಬದಲ್ಲಿ ಕೊನೆಯ ಮಾತು ಆಡುವವರು. ಅಪ್ಪ ತೀರಿಕೊಂಡಿದ್ದರಿಂದ ಕೊಪ್ಪದ ಪರವಾಗಿ ನಾನು ಹೋಗಿದ್ದೆ. ಜಯಪುರದ ಚಿಕ್ಕಪ್ಪನೂ ಬಂದಿದ್ದರು.

ತೀರ್ಮಾನ ಬೇಗನೆ ಆಯಿತು. ವರ್ಷಕ್ಕೆ ಹನ್ನೆರಡು ತಿಂಗಳು, ಮನೆ ಮೂರು, ಒಂದೊಂದು ಮನೆಯಲ್ಲಿ ನಾಲ್ಕು ತಿಂಗಳು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. “ಮಳೆಗಾಲ ಇಲ್ಲೇ ಇರಲಿ, ಮನೆ ದೊಡ್ಡದು,” ಎಂದರು ದೊಡ್ಡಪ್ಪ. ಅತ್ತೆ ಹಲಸಿನ ಹಪ್ಪಳ ಮುರಿದು ತಿನ್ನುತ್ತ ಎಲ್ಲ ಕೇಳಿಸಿಕೊಂಡಳು. ಅವಳನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಕೊಪ್ಪಕ್ಕೆ ಮರಳುವಾಗ ಅವಳೇ ಕೇಳಿದಳು:

“ನಿಂಗೆ ದೊಡ್ಡ ಗಾಡಿ ಓಡ್ಸೋಕೆ ಬತ್ತದಾ ಮಾರಾಯ?”

ಬರುತ್ತದೆ ಎಂದೆ. ಹರೆಯದಲ್ಲಿ ಲೈಸೆನ್ಸ್ ಮಾಡಿಸಿಕೊಂಡಿದ್ದು ನಿಜ. ಆಮೇಲೆ ಓಡಿಸಿದ್ದು ಮಾತ್ರ ಸ್ಕೂಟರ್. ಆದರೆ ಅತ್ತೆಯ ಎದುರು ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಚಿಕ್ಕಂದಿನಲ್ಲಿ ಎಲ್ಲರಿಗೂ ಇಂಜೆಕ್ಷನ್ ಚುಚ್ಚಿದ ಕೈ ಅದು.

ನನಗೆ ಬಿಡುವೂ ಧಾರಾಳವಾಗಿತ್ತು. ಕೊಪ್ಪದಲ್ಲಿ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಒಂದು ಕಾಲದಲ್ಲಿ ಹನ್ನೆರಡು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದ ಅಂಗಡಿಯವರು ಫೋನಿನಲ್ಲಿ ಮಾತಾಡಲು ರಸ್ತೆಗೆ ಇಳಿಯಬೇಕಾಗುತ್ತಿತ್ತು. ಆ ಹೊತ್ತಿಗೆ ಊರಿಗೆ ಕಂಪ್ಯೂಟರ್ ಸೆಂಟರ್ ಬಂದು, ನನ್ನಲ್ಲಿ ಆರು ಜನ ಉಳಿದಿದ್ದರು. ಅದರಲ್ಲಿ ಇಬ್ಬರು ಪರಸ್ಪರ ನೋಡಿಕೊಳ್ಳುವುದಕ್ಕಾಗಿಯೇ ಬರುತ್ತಿದ್ದರು ಎಂದು ನನ್ನ ಗುಮಾನಿ.

ತಿಂಗಳೊಳಗೆ ಅತ್ತೆ ಒಂದು ಹಳೇ ಶಾಲಾ ವ್ಯಾನು ಕೊಂಡಳು. ಹಳದಿ ಬಣ್ಣದ್ದು, ಮಕ್ಕಳು ಗೀಚಿದ ಹೆಸರುಗಳು ಸೀಟಿನ ಬೆನ್ನಿಗೆ ಇನ್ನೂ ಇದ್ದವು. “ಗಾಡಿ ನಿನ್ನ ಹೆಸರಲ್ಲೇ ಇರ್ಲಿ,” ಎಂದಳು. “ನಡುದಾರಿಲಿ ಕೆಟ್ಟು ನಿಂತ್ರೆ ನಿಂಗೆ ಬಿಟ್ಟು ಓಡೋಕೆ ಆಗೂದಿಲ್ಲ.” ಹೀಗೆ ನಾನು ಒಂದು ಸಂಚಾರಿ ಮನೆಯ ಮಾಲೀಕನಾದೆ. ಗೋಡೆಗಳು ಅವಳವು, ಗಾಲಿಗಳು ನನ್ನವು.

ಒಳಗಿನ ಕೆಲಸ ಮಾಡಿದವರು ಶೇಷಾಚಾರಿ. ಮದುವೆ ಮಂಚ, ದೇವರ ಮಂಟಪ ಎಲ್ಲ ಮಾಡಿದ ಕೈ. ಆದರೆ ಮೊದಲ ದಿನ ವ್ಯಾನಿನೊಳಗೆ ಬಗ್ಗಿ ನಿಂತು ತಲೆ ತುರಿಸಿಕೊಂಡರು. “ಸಿಸ್ಟರೇ, ಮನೆ ಅಂದ್ಮೇಲೆ ಒಂದು ದಿಕ್ಕು ಇರ್ತದೆ. ಇದಕ್ಕೆ ಬಾಗ್ಲು ಯಾವ ಕಡೆ ಅಂತ ಹೇಳೂದು?” ಅತ್ತೆ ನಕ್ಕು, “ಬೆಳಿಗ್ಗೆ ಪೂರ್ವ, ಸಂಜೆ ಪಶ್ಚಿಮ, ಆಯ್ತಲ್ಲ?” ಎಂದಳು. ಸೀಟು ಕಿತ್ತು ಎರಡು ಕಡೆ ಹಲಗೆಯ ಮಂಚ, ಮಂಚದಡಿ ಪೆಟ್ಟಿಗೆ, ಹಿಂದೆ ಎರಡು ಒಲೆಯ ಗ್ಯಾಸು, ಸರಪಳಿ ಕಟ್ಟಿದ ಸಿಲಿಂಡರು, ಮಾಡಿನ ಮೇಲೆ ನೀರಿನ ಡ್ರಮ್ಮು. ಕಿಟಕಿಗಳಿಗೆ ಆಸ್ಪತ್ರೆ ಹಸಿರಿನ ಪರದೆ ಹೊಲಿಸಿದಳು. ಬಚ್ಚಲು ಒಂದು ಮಾತ್ರ ಯಾರ ಬುದ್ಧಿಗೂ ಹೊಳೆಯದೆ, ಹಿಂದೆ ಟಾರ್ಪಾಲು ಕಟ್ಟಿಕೊಳ್ಳುವುದೆಂದು ಬಿಟ್ಟುಬಿಟ್ಟೆವು.

ಆಮೇಲೆ ಶುರುವಾಯಿತು ನಮ್ಮ ವಿದ್ಯಾಭ್ಯಾಸ.

ಮೊದಲ ಪಾಠ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನಲ್ಲಿ ಸಮತಟ್ಟಾದ ನೆಲ ಎಂಬುದು ಇಲ್ಲ. ನೋಡಲು ಇದೆ ಅನ್ನಿಸುತ್ತದೆ, ಇಡ್ಲಿ ಹಿಟ್ಟು ಇಟ್ಟರೆ ಗೊತ್ತಾಗುತ್ತದೆ. ಮೊದಲ ರಾತ್ರಿ ಅತ್ತೆ ತಲೆ ಕೆಳಗೆ ಕಾಲು ಮೇಲೆ ಮಲಗಿ, ಬೆಳಿಗ್ಗೆ ಮುಖ ಊದಿಸಿಕೊಂಡು ಎದ್ದಳು. ರಸಮಟ್ಟ ಬಂದದ್ದು ಹೀಗೆ. ಎಲ್ಲಿ ನಿಲ್ಲಿಸಿದರೂ ನಾನು ಇಳಿದು ಚಕ್ರದಡಿ ಕಲ್ಲು ಕೊಡಬೇಕು, ಅವಳು ಒಳಗಿನಿಂದ ಗುಳ್ಳೆ ನೋಡಿ “ಇನ್ನೊಂದು ಚೂರು... ಜಾಸ್ತಿ ಆತು... ಇಳಿಸು” ಎನ್ನಬೇಕು. ಅರ್ಧ ಗಂಟೆಯ ಪೂಜೆ. ಅದು ಮುಗಿದರೆ ನಾನು ಸಂಜೆಯ ಬಸ್ಸಿಗೆ ಮನೆಗೆ, ಬೆಳಿಗ್ಗೆ ಮತ್ತೆ ಹಾಜರು.

ಎರಡನೆಯದು ಡ್ರಮ್ಮಿನದು. ಹರಿಹರಪುರದ ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತೆಂದು ಗಕ್ಕನೆ ಬ್ರೇಕ್ ಒತ್ತಿದೆ. ಮಾಡಿನ ಮೇಲಿನ ನೀರು ಬ್ರೇಕ್ ಒತ್ತಿಕೊಳ್ಳಲಿಲ್ಲ. ಅಷ್ಟೂ ಎದುರಿನ ಗಾಜಿನ ಮೇಲೆ ಸುರಿದು, ಬಿರುಬಿಸಿಲಲ್ಲಿ ನಮಗಿಬ್ಬರಿಗೇ ಮಳೆ ಬಂತು. ಎಮ್ಮೆ ಬಹಳ ಹೊತ್ತು ನಿಂತು ನೋಡಿತು.

ಪಾತ್ರೆಗಳ ಸದ್ದು ಬೇರೆ. ಸ್ಟೀಲಿನ ಲೋಟ, ತಟ್ಟೆ, ಸೌಟುಗಳೆಲ್ಲ ಪ್ರತಿ ಗುಂಡಿಗೂ ಒಟ್ಟಿಗೆ ಬಾಯಿ ಮಾಡುತ್ತಿದ್ದವು. ಅತ್ತೆ ತನ್ನ ಹಳೇ ಬಿಳಿ ಸೀರೆಗಳನ್ನು ಹರಿದು ಒಂದೊಂದು ಲೋಟಕ್ಕೂ ಬ್ಯಾಂಡೇಜು ಸುತ್ತಿದಳು. ಹಲಸಿನ ಮರದಡಿ ಗಾಡಿ ನಿಲ್ಲಿಸಬಾರದು ಎಂಬುದನ್ನು ನಾವು ಹೇಗೆ ಕಲಿತೆವು ಎಂದು ವಿವರಿಸಬೇಕಿಲ್ಲ. ಮಾಡಿನ ತಗ್ಗು ಕೊನೆಯವರೆಗೂ ಹಾಗೇ ಇತ್ತು. ಆ ತಗ್ಗಿನಲ್ಲಿ ನೀರು ನಿಂತು, ಒಂದು ಮಳೆಗಾಲದಲ್ಲಿ ಕಪ್ಪೆಯೊಂದು ಸಂಸಾರ ಹೂಡಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ತಾಪತ್ರಯ, ಜನ ಇದನ್ನು ಬಸ್ಸು ಎಂದು ತಿಳಿಯುತ್ತಿದ್ದುದು. ಹಳದಿ ಬಣ್ಣ ನೋಡಿ ದಾರಿಯುದ್ದಕ್ಕೂ ಕೈ ಅಡ್ಡ ಹಿಡಿಯುತ್ತಿದ್ದರು. ಜಯಪುರದ ಪೇಟೆಯಲ್ಲಿ ಒಮ್ಮೆ ಬೀಡಿಗೆಂದು ಇಳಿದು ಹಿಂತಿರುಗುವಷ್ಟರಲ್ಲಿ ಒಬ್ಬ ಅಜ್ಜಿ ಎರಡು ಕೋಳಿಗಳ ಸಮೇತ ಅತ್ತೆಯ ಮಂಚದ ಮೇಲೆ ಕೂತು, “ಬಾಳೆಹೊನ್ನೂರಿಗೆ ಒಂದು” ಎಂದು ಕೈ ಚಾಚಿದ್ದಳು. ಇಳಿಸುವುದು ಹೇಗೆಂದು ನಾನು ಯೋಚಿಸುತ್ತಿದ್ದರೆ ಅತ್ತೆ ಅವಳ ಬಿ.ಪಿ. ನೋಡಲು ಶುರುಮಾಡಿದ್ದಳು. ಬಾಳೆಹೊನ್ನೂರಿಗೆ ಹೋಗಿಯೇ ಬಂದೆವು.

ಹೇಳುತ್ತ ಹೋದರೆ ಬರೀ ಕಷ್ಟವೇ ಅನ್ನಿಸೀತು. ಹಾಗಲ್ಲ. ತುಂಗೆಯ ದಡದಲ್ಲಿ ಬೆಳಿಗ್ಗೆ ಹಿಂಬಾಗಿಲು ತೆರೆದಿಟ್ಟು, ಕಾಲು ಇಳಿಬಿಟ್ಟುಕೊಂಡು ಅತ್ತೆ ಕಾಫಿ ಕುಡಿಯುವುದನ್ನು ನೀವು ನೋಡಬೇಕಿತ್ತು. ಸೊಂಟಕ್ಕೆ ಬೀಗದಕೈ ಸಿಕ್ಕಿಸಿಕೊಂಡು, ಇದ್ದ ಎರಡೂವರೆ ಮಾರು ಮನೆಯನ್ನು ದಿನಕ್ಕೆ ನಾಲ್ಕು ಸಲ ಗುಡಿಸುತ್ತಿದ್ದಳು.

ಗಾಳಿ ತಿರುಗಿದ್ದು ಮೇಗುಂದದಲ್ಲಿ. ವ್ಯಾನನ್ನು ದೊಡ್ಡಪ್ಪನ ಅಂಗಳದಲ್ಲಿ ನಿಲ್ಲಿಸಿ, ಕಲ್ಲು ಕೊಟ್ಟು, ನಾನು ಕೊಪ್ಪಕ್ಕೆ ಬಂದುಬಿಟ್ಟೆ. ದೊಡ್ಡಮ್ಮ ನಡುಕೋಣೆಯಲ್ಲಿ ಹಾಸಿಗೆ ಹಾಸಿಟ್ಟಿದ್ದರು. ಅತ್ತೆ ಊಟ ಮಾಡಿ, ಕೈ ತೊಳೆದು, “ನಾ ನನ್ನ ಮನೇಲಿ ಮಲಗ್ತೀನಿ” ಎಂದು ಹೊರಟಳು. ಮರುದಿನ ಹಾಲಿಗೆ ಬಂದ ನೆರೆಯವರು ಅಂಗಳದಲ್ಲಿ ಹಸಿರು ಪರದೆ ನೋಡಿ, “ಎಂತ, ತಂಗಿಗೆ ಒಳಗೆ ಜಾಗ ಇಲ್ವಾ?” ಎಂದು ತಮಾಷೆಗೆ ಕೇಳಿದರಂತೆ. ಅಷ್ಟು ಸಾಕಾಯಿತು.

“ಇಷ್ಟು ದೊಡ್ಡ ಮನೆ ಬಿಟ್ಟು ಅಂಗಳದಲ್ಲಿ ಮಲಗ್ತೀಯಲ್ಲ ಸುನಂದಾ, ಊರವ್ರ ಎದ್ರು ನನ್ನ ಮರ್ಯಾದೆ ಎಂತಾಯ್ತು?” ಎಂದರು ದೊಡ್ಡಪ್ಪ. “ಸರ್ಕಸ್ಸಿನವ್ರ ಹಂಗೆ!”

“ಹಂಗಾರೆ ನಾ ಈಗ್ಲೇ ಹೊರಡ್ತೀನಿ ಅಣ್ಣಯ್ಯ,” ಎಂದಳು ಅತ್ತೆ.

ಹೊರಡುವುದು ಹೇಗೆ? ಚಾಲಕ ಮಹಾಶಯ ಕೊಪ್ಪದಲ್ಲಿದ್ದ. ಫೋನ್ ಮಾಡಿದಳು. ನನ್ನ ಆರು ಮಂದಿಗೆ ಆ ವಾರವೇ ಪರೀಕ್ಷೆ. “ಮೂರು ದಿನ ತಡಿ ಅತ್ತೆ, ಬತ್ತೇನೆ,” ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಲೈನ್ ಹೋಯಿತೆಂದು ನಾನು ಇಟ್ಟುಬಿಟ್ಟೆ.

ಮೂರು ದಿನ ಅವಳು ಮಾತು ಬಿಟ್ಟ ಅಣ್ಣನ ಅಂಗಳದಲ್ಲಿ, ಹೊರಡುತ್ತೇನೆ ಎಂದು ಹೇಳಿಯೂ ಹೊರಡಲಾರದೆ ಕೂತಿದ್ದಳು. ಆಮೇಲೆ ನಾನು ಹೋಗಿ ಕರೆತಂದೆ. ಇನ್‌ಸ್ಟಿಟ್ಯೂಟಿನ ಪಕ್ಕದ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಿದ ಮೇಲೆ ಒಂದೇ ಮಾತು ಹೇಳಿದಳು:

“ಇದು ನಂಗೆ ಮನೆ ಅಲ್ಲ ಮಾರಾಯ. ನಿನ್ನ ಪುರುಸೊತ್ತು.”

ನನಗೆ ಚುರುಕ್ಕೆಂದಿತು. ಇಷ್ಟು ದಿನ ಕಲ್ಲು ಕೊಟ್ಟು, ಎಮ್ಮೆ ತಪ್ಪಿಸಿ, ಮೈ ಕೈ ನೋಯಿಸಿಕೊಂಡವನಿಗೆ ಇದಾ ಮಾತು ಎಂದು ಮುನಿಸೂ ಬಂತು. ಎರಡು ದಿನ ಆ ಕಡೆ ಹೋಗಲಿಲ್ಲ.

ಆಮೇಲೆ ಅತ್ತೆ ವಾರಕ್ಕೆ ನಾಲ್ಕು ದಿನ ಬೆಳಗಿನ ಬಸ್ಸಿಗೆ ನರಸಿಂಹರಾಜಪುರಕ್ಕೆ ಹೋಗತೊಡಗಿದಳು. ಪೆನ್ಷನ್ನಿನ ಕಾಗದ ಪತ್ರ ಎಂದಳು. ನಾನು ನಂಬಿದೆ. ವತ್ಸಲಾಗೆ ಮಾತ್ರ ಅನುಮಾನ ಬಂದಿತ್ತಂತೆ: “ಪೆನ್ಷನ್ನಿಗೆ ಹೋಗೋರು ಕ್ಯಾನ್ವಾಸ್ ಶೂ ಹಾಕ್ತಾರಾ?” ನನಗೆ ಹೇಳಲಿಲ್ಲ, ಅಷ್ಟೆ.

ಮಳೆ ಬಿಟ್ಟು ಬಿಸಿಲು ಕಾದ ಒಂದು ಬೆಳಿಗ್ಗೆ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆಯಲು ಹೋದರೆ ಪಕ್ಕದ ಜಾಗ ಖಾಲಿ. ನಾಲ್ಕು ಕಲ್ಲು ಅಚ್ಚುಕಟ್ಟಾಗಿ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದವು. ಇನ್‌ಸ್ಟಿಟ್ಯೂಟಿನ ಇನ್ನೊಂದು ಬೀಗದಕೈ ಅವಳ ಬಳಿ ಇರುತ್ತಿತ್ತು; ಒಳಗೆ ಕನ್ನಡ ಟೈಪ್‌ರೈಟರಿನಲ್ಲಿ ಒಂದು ಹಾಳೆ ಸಿಕ್ಕಿಸಿತ್ತು: “ಸಿರಿಮನೆ ಅಬ್ಬಿ ನೋಡಲು ಹೋಗಿದ್ದೇನೆ. ಲೈಸೆನ್ಸ್ ಬಂದಿದೆ. ಹುಡುಕಬೇಡ. ಮಜ್ಜಿಗೆ ಪಾತ್ರೆ ನಿಮ್ಮ ಮನೆಯಲ್ಲಿದೆ.” ಯಾವಾಗ ಕಲಿತಳೋ, ಒಂದು ಅಕ್ಷರವೂ ತಪ್ಪಿರಲಿಲ್ಲ. ನನ್ನ ಆರು ಮಂದಿಯಲ್ಲಿ ಒಬ್ಬರಿಗೂ ಅಷ್ಟು ಶುದ್ಧವಾಗಿ ಹೊಡೆಯಲು ಬರುತ್ತಿರಲಿಲ್ಲ.

ಹುಡುಕಬೇಡ ಎಂದರೆ ಹುಡುಕದಿರಲು ಆಗುತ್ತದೆಯೇ? ಶೃಂಗೇರಿ ದಾಟಿ ಕಿಗ್ಗ, ಅಲ್ಲಿಂದ ಆಚೆ ಸಿರಿಮನೆ ಜಲಪಾತ. ದಾರಿ ಹಾವಿನ ಹಾಗೆ, ಎದುರಿಗೆ ಒಂದು ಜೀಪು ಬಂದರೆ ಸರಿಯಲು ಜಾಗವಿಲ್ಲ. ಗಾಬರಿಯಲ್ಲಿ ನಾನು ಮಾಡಿದ ತಪ್ಪು ಕೆಲಸವೆಂದರೆ ಮೇಗುಂದಕ್ಕೆ ಫೋನ್ ಮಾಡಿದ್ದು. ಒಂದೂವರೆ ಗಂಟೆಯಲ್ಲಿ ದೊಡ್ಡಪ್ಪ ಕೊಡೆ ಹಿಡಿದು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಹಾಜರು.

“ಗಾಡಿ ನಿನ್ನ ಹೆಸ್ರಲ್ಲಿದೆ ಅಲ್ದಾ? ನೀನೇ ಕುಣಿಸಿದ್ದು,” ಎಂದವರು ನನಗಿಂತ ಮುಂಚೆ ಶೃಂಗೇರಿ ಬಸ್ಸು ಹತ್ತಿದರು. ಶೃಂಗೇರಿ ಬಸ್ ಸ್ಟ್ಯಾಂಡಿನ ಹೂವಿನವಳು, “ಹಳದಿ ಗಾಡಿ ಅಮ್ಮನಾ? ಆಗ್ಲೇ ಹೋದ್ರು. ನೆಡೋಕೆ ಅಂತ ದಾಸವಾಳದ ಗೆಲ್ಲು ಕೇಳಿ ತಗಂಡ್ರು,” ಎಂದಳು. ಕಿಗ್ಗದ ಬಸ್ಸು ಹತ್ತಿದೆವು.

ಕಿಗ್ಗ ಇನ್ನೂ ಎರಡು-ಮೂರು ಮೈಲಿ ಇದೆ ಎನ್ನುವಾಗ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಹೋದವನು ಬರಲಿಲ್ಲ. ಆಮೇಲೆ ಡ್ರೈವರ್ ಇಳಿದ. ಅವನೂ ಬರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಇಳಿದೆವು. ತಿರುವು ದಾಟಿದರೆ ನಮ್ಮ ವ್ಯಾನು ರಸ್ತೆಗೆ ಅಡ್ಡಲಾಗಿ ನಿಂತಿದೆ. ಹಿಂದಿನ ಒಂದು ಚಕ್ರ ಚರಂಡಿಯಲ್ಲಿ, ಮೂತಿ ಆಕಾಶಕ್ಕೆ. ಆಚೆ ಕಡೆ ಎರಡು ಜೀಪು. ಅತ್ತೆ ಗ್ಯಾಸಿನ ಒಲೆಯನ್ನು ರಸ್ತೆಯ ಬದಿಗೆ ಇಳಿಸಿಕೊಂಡು, ಕ್ಯಾನ್ವಾಸ್ ಶೂ ತೊಟ್ಟು ಕುಕ್ಕರುಗಾಲಲ್ಲಿ ಕೂತು, ಇಡೀ ಸೈನ್ಯಕ್ಕೆ ಕಾಫಿ ಕಾಯಿಸುತ್ತಿದ್ದಳು. ನಮ್ಮ ಕಂಡಕ್ಟರ್ ಆಗಲೇ ಅರ್ಧ ಲೋಟ ಮುಗಿಸಿದ್ದ.

“ಜೀಪಿಗೆ ಸೈಡ್ ಕೊಟ್ಟೆ, ಚೂರು ಜಾಸ್ತಿ ಆತು,” ಎಂದಳು ನನ್ನನ್ನು ನೋಡಿ. ಹಿಂದೆ ನಿಂತ ಅಣ್ಣನನ್ನು ನೋಡಿ ಸೌಟು ಕೆಳಗಿಟ್ಟಳು. ಸುತ್ತಲಿನವರೆಲ್ಲ ಲೋಟ ಹಿಡಿದಲ್ಲೇ ಇಬ್ಬರನ್ನೂ ನೋಡತೊಡಗಿದರು, ಏನೆಂದು ಅವರಿಗೆ ಗೊತ್ತಿಲ್ಲದಿದ್ದರೂ ಏನೋ ಇದೆ ಎಂದು ಗೊತ್ತಾಯಿತು.

ದೊಡ್ಡಪ್ಪ ಬೈಯುತ್ತಾರೆ ಎಂದುಕೊಂಡೆ. ಅವರು ಕೊಡೆ ಊರಿಕೊಂಡು ವ್ಯಾನಿಗೆ ಒಂದು ಸುತ್ತು ಬಂದರು. ಬಗ್ಗಿ ಚಕ್ರ ನೋಡಿದರು. ಆಮೇಲೆ, ಯಾರೂ ಕರೆಯದೆಯೇ, ಬಾಗಿಲ ಸರಳು ಹಿಡಿದು ಆ ಓರೆಯಾದ ಮನೆಯೊಳಗೆ ಹತ್ತಿದರು. ವ್ಯಾನು ತಮ್ಮ ಅಂಗಳದಲ್ಲೇ ನಾಲ್ಕು ದಿನ ನಿಂತಿದ್ದರೂ ಅವರು ಒಳಗೆ ಕಾಲಿಟ್ಟಿರಲಿಲ್ಲ. ಅತ್ತೆ ಕಾಫಿ ಹಿಡಿದು ಹಿಂದೆ ಹೋದಳು, ಬಾಗಿಲ ಬಳಿ ನಾನು ನಿಂತೆ.

“ಇದು ನೀ ಮಲಗೂದು. ಆಚೆ ಮಂಚ ಯಾರಿಗೆ?” ಎಂದು ಕೇಳಿದರು ದೊಡ್ಡಪ್ಪ.

“ಯಾರಾದ್ರೂ ಬಂದ್ರೆ.”

“ಬಂದ್ರೆ ಅಂದ್ರೆ? ಯಾರು?”

“ನೀ ಬಂದ್ರೆ,” ಎಂದಳು ಅತ್ತೆ. “ಅಷ್ಟು ವರ್ಷ ರಜೆ ಸಿಕ್ಕಾಗೆಲ್ಲ ನಿಮ್ಮನೆಗಳಿಗೆ ನಾ ನೆಂಟಳಾಗಿ ಬಂದೆ ಅಣ್ಣಯ್ಯ. ನನ್ನ ಕ್ವಾರ್ಟರ್ಸಿಗೆ ನಿಮ್ಮಲ್ಲಿ ಯಾರು ಬಂದ್ರಿ? ಜ್ವರ ಬಂದ್ರೆ ಬಂದ್ರಿ, ಹೆರಿಗೆಗೆ ಬಂದ್ರಿ. ಸುಮ್ನೆ ಒಂದು ದಿನ ಇದ್ದು ಹೋಗೂಣ ಅಂತ ಒಬ್ರೂ ಬರ್ಲಿಲ್ಲ. ಮೂರು ಮನೇಲಿ ನಾಲ್ಕು ನಾಲ್ಕು ತಿಂಗ್ಳು ಇದ್ರೆ, ನಾ ಯಾರನ್ನ ಎಲ್ಲಿಗೆ ಕರೀಲಿ?”

ಆ ಎರಡನೆಯ ಮಂಚ ಚೀಲ ಇಡುವುದಕ್ಕೆ ಎಂದು ನಾನು ತಿಳಿದಿದ್ದೆ. ದೊಡ್ಡಪ್ಪ ಇಳಿಜಾರಾಗಿದ್ದ ಆ ಮಂಚದ ಮೇಲೆ ಜಾರದ ಹಾಗೆ ಒಂದು ಕೈ ಊರಿಕೊಂಡು ಕೂತು, ಲೋಟಕ್ಕೆ ಸುತ್ತಿದ್ದ ಬಿಳಿ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ, ಕಾಫಿ ಪೂರ್ತಿ ಕುಡಿದರು.

ಹೊರಗೆ ಬಂದಾಗ ಅವರ ದನಿ ಮಾಮೂಲಿಗೆ ಬಂದಿತ್ತು. “ಕಲ್ಲು ತನ್ನಿ, ಕಲ್ಲು! ಹಿಂದೆ ನಾಲ್ಕು ಜನ, ಬದಿಗೆ ಇಬ್ರು!” ಇಡೀ ಬಸ್ಸು ಕೆಲಸಕ್ಕೆ ನಿಂತಿತು. ನಾನು ಗಂಭೀರವಾಗಿ ಸ್ಟೇರಿಂಗಿನತ್ತ ನಡೆದೆ. ಅಲ್ಲಿ ಅತ್ತೆ ಆಗಲೇ ಕೂತಿದ್ದಳು.

“ನೀ ಹಿಂದೆ ಹೋಗಿ ತಳ್ಳು,” ಎಂದಳು.

ತಳ್ಳಿದೆ. ಚಕ್ರ ತಿರುಗಿ ಚರಂಡಿಯ ಕೆಸರೆಲ್ಲ ನನ್ನ ಮೇಲೆ ಬಂತು. ಮೂರನೇ ಸಲಕ್ಕೆ ವ್ಯಾನು ರಸ್ತೆಗೆ ಹತ್ತಿದಾಗ ಬಸ್ಸಿನವರೆಲ್ಲ ಕೂಗಿದ ಕೂಗಿಗೆ ಎದುರಿನ ಗುಡ್ಡದಿಂದ ಮಂಗಗಳು ಉತ್ತರ ಕೊಟ್ಟವು. ದೊಡ್ಡಪ್ಪ ಕೊಡೆ ಮಡಿಸಿ, ಮುಂದಿನ ಸೀಟಿನಲ್ಲಿ ತಂಗಿಯ ಪಕ್ಕ ಹತ್ತಿ ಕೂತರು. ಕಿಟಕಿಯಿಂದ ತಲೆ ಹೊರಹಾಕಿ ನನಗೆ ಹೇಳಿದರು: “ದೊಡ್ಡಮ್ಮಂಗೆ ಫೋನ್ ಮಾಡು. ನಾ ಸುನಂದನ ಮನೇಲಿ ಮೂರು ದಿನ ಇದ್ದು ಬತ್ತೆ.” ಇಬ್ಬರೂ ಹೊರಟುಹೋದರು. ಕೆಸರು ಮೆತ್ತಿದ ನನ್ನನ್ನು ಬಸ್ಸಿನೊಳಗೆ ಕೂರಿಸಲು ಕಂಡಕ್ಟರ್ ಒಪ್ಪದ ಕಾರಣ, ಕಿಗ್ಗದವರೆಗೆ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ಅದೇ ಬಸ್ಸಿನಲ್ಲಿ ಹಿಂತಿರುಗಿದೆ.

ಮೂರು ದಿನದ ಮೇಲೆ ಬಂದ ದೊಡ್ಡಪ್ಪ ಹೇಳಿದ್ದು ಇಷ್ಟೇ: “ಮಂಚ ಗಿಡ್ಡ. ಕಾಲು ಹೊರಗೆ ಬತ್ತದೆ.” ಮರುವಾರ ಶೇಷಾಚಾರಿ ಅದಕ್ಕೊಂದು ಅಡಿ ಹಲಗೆ ಸೇರಿಸಿದರು. ಆಮೇಲೆ ವ್ಯಾನು ಇನ್ನೂ ನಾಲ್ಕೈದು ವರ್ಷ ಓಡಿತು. ಜಯಪುರದ ಚಿಕ್ಕಪ್ಪ, ದೊಡ್ಡಮ್ಮ, ವತ್ಸಲಾ ಎಲ್ಲರೂ ಸರದಿಯ ಮೇಲೆ ಅತ್ತೆಯ ನೆಂಟರಾದರು. ಅವಳ ಮಂಡಿ ಕ್ಲಚ್ಚು ಒತ್ತಲಾರೆ ಎಂದಾಗ ವ್ಯಾನನ್ನು ಶೃಂಗೇರಿ ಕಡೆಯ ಒಬ್ಬರು ಹೋಟೆಲು ಮಾಡಲು ಕೊಂಡರು. ದೊಡ್ಡಪ್ಪ ಈಗಿಲ್ಲ. ಅತ್ತೆ ನರಸಿಂಹರಾಜಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಎಂಬತ್ತರ ಹತ್ತಿರದಲ್ಲಿ ಚುರುಕಾಗಿದ್ದಾಳೆ.

ನಾನು ಅಲ್ಲಿಗೆ ಹೋಗುತ್ತಿರುತ್ತೇನೆ. ಔಷಧಿ ಕೊಟ್ಟು ಬರಲು, ಬಲ್ಬು ಹಾಕಿ ಬರಲು, ನಲ್ಲಿ ನೋಡಿ ಬರಲು. ಚಪ್ಪಲಿಯನ್ನು ಪೂರ್ತಿ ಕಳಚದೆಯೇ ಹೊರಟುಬಿಡುವ ಅಭ್ಯಾಸ. ಮೊನ್ನೆ ಅಟ್ಟದ ಕೆಲಸ ಅರ್ಧಕ್ಕೆ ಬಿಟ್ಟು ವತ್ಸಲಾಗೆ ಇದನ್ನೆಲ್ಲ ಮತ್ತೊಮ್ಮೆ ಹೇಳಿ ಮುಗಿಸಿದಾಗ ಅವಳು, “ನೀವು ಅಲ್ಲಿ ಒಂದು ರಾತ್ರಿಯಾದ್ರೂ ಉಳ್ಕೊಂಡಿದೀರಾ?” ಎಂದು ಕೇಳಿದಳು. ಯೋಚಿಸಿದೆ. ವ್ಯಾನಿನಲ್ಲೂ ಇಲ್ಲ, ಆ ಮನೆಯಲ್ಲೂ ಇಲ್ಲ.

ಫೋನ್ ಹಚ್ಚಿದೆ. “ಅತ್ತೆ, ನಾಳೆ ಬತ್ತೇನೆ.”

“ಎಂತ ಕೆಲ್ಸ? ನಲ್ಲಿ ಸರಿ ಇದ್ಯಲ್ಲ.”

“ಕೆಲ್ಸ ಎಂತೂ ಇಲ್ಲ. ಸುಮ್ನೆ. ಎರಡು ದಿನ ಇರೂಣ ಅಂತ.”

ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಈ ಸಲ ನಾನು ಫೋನ್ ಇಡಲಿಲ್ಲ. ಕಾದೆ.

“ರಾತ್ರಿ ಅನ್ನವಾ, ರೊಟ್ಟಿಯಾ?” ಎಂದು ಕೇಳಿದಳು ಅತ್ತೆ.